ಬಣ್ಣದ ಇಂಕು: ನೀಲಿ-ಕಪ್ಪು ಬಿಟ್ಟು ಬೇರೆ ತುಂಬಿಸುವ ಮುನ್ನ

ಫೌಂಟನ್ ಪೆನ್ನಿಗೆ ಬಣ್ಣದ ಇಂಕು ಕೊಳ್ಳುವಾಗ ಹೆಚ್ಚಿನವರು ಏಮಾರುವುದು ಬಾಟಲಿ ನೋಡಿ. ಬಾಟಲಿಯೊಳಗೆ ಹಸಿರೂ ನೇರಳೆಯೂ ಕಂದೂ ಎಲ್ಲವೂ ಹೆಚ್ಚುಕಮ್ಮಿ ಕಪ್ಪಗೇ ಕಾಣುತ್ತವೆ. ಡಬ್ಬಿಯ ಮೇಲಿರುವುದು ಅಚ್ಚಿನ ಬಣ್ಣ, ಅದನ್ನು ನಂಬುವ ಹಾಗಿಲ್ಲ. ಮೊಬೈಲಿನಲ್ಲಿ ಕಾಣುವ ಚಿತ್ರವಂತೂ ಪರದೆಯಿಂದ ಪರದೆಗೆ ಬೇರೆ. ನಿಮಗೆ ಬೇಕಾದದ್ದು ಅರ್ಧ ಮಿಲಿಮೀಟರ್ ದಪ್ಪದ ಗೆರೆಯಲ್ಲಿ, ನೀವು ಬರೆಯುವ ಕಾಗದದ ಮೇಲೆ, ಒಣಗಿದ ಮೇಲೆ ಆ ಇಂಕು ಹೇಗೆ ಕಾಣುತ್ತದೆ ಎನ್ನುವುದು. ಆದ್ದರಿಂದ ಮೊದಲು ಕೆಲಸ, ಆಮೇಲೆ ಕಾಗದ, ಆಮೇಲೆ ಪೆನ್ನು, ಕಡೆಗೆ ಬಣ್ಣ, ಈ ಕ್ರಮದಲ್ಲಿ ಆರಿಸಿ.

ಯಾವ ಕೆಲಸಕ್ಕೆ

ಪರೀಕ್ಷೆ, ಅರ್ಜಿ, ಕರಾರು ಪತ್ರಗಳಿಗೆ ನೀಲಿ ಅಥವಾ ಕಪ್ಪು. ಅಲ್ಲಿ ಪ್ರಯೋಗ ಬೇಡ. ಚೆಕ್ಕಿಗೆ ಇಂಥದ್ದೇ ಬಣ್ಣ ಎಂದು ರಿಸರ್ವ್ ಬ್ಯಾಂಕ್ ಕಟ್ಟುಪಾಡು ಮಾಡಿಲ್ಲ. ಆದರೆ ಈಗ ಚೆಕ್ಕು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವುದು ಸ್ಕ್ಯಾನ್ ಮಾಡಿದ ಚಿತ್ರವಾಗಿ. ಅದಕ್ಕೇ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ, ಅಳಿಸಲಾಗದ ಇಂಕು ಬಳಸಿ ಎನ್ನುತ್ತಾರೆ. ಕಿತ್ತಳೆ, ತಿಳಿನೀಲಿ, ಗುಲಾಬಿಗಳು ಸ್ಕ್ಯಾನಿನಲ್ಲಿ ಮಸುಕಾಗುತ್ತವೆ. ಹಸಿರು ಸಹಿ ಗೆಜೆಟೆಡ್ ಅಧಿಕಾರಿಗಳ ಹಕ್ಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕೇಂದ್ರ ಸರ್ಕಾರದ ಕಚೇರಿ ಕೈಪಿಡಿಯಂತೂ ಹಸಿರು, ಕೆಂಪುಗಳನ್ನು ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರಿಗೆ, ಅದೂ ಅಪರೂಪಕ್ಕೆ, ಎಂದು ಇಟ್ಟಿದೆ. ಮನೆಯ ಡೈರಿಗೆ, ಪತ್ರಕ್ಕೆ ಈ ಯಾವ ತಂಟೆಯೂ ಇಲ್ಲ.

ಸಂಘದ ನಡಾವಳಿ ಪುಸ್ತಕ, ಮನೆಯ ಲೆಕ್ಕ, ಲಕೋಟೆಯ ಮೇಲಿನ ವಿಳಾಸ ಇವಕ್ಕೆ ನೀರಿಗೆ ಹೋಗದ ಇಂಕೇ ಬೇಕು. ಮುಂಬಯಿಯ ಮಾಟುಂಗದಿಂದ ಡೊಂಬಿವಲಿಗೆ ಜುಲೈನಲ್ಲಿ ಹೊರಟ ಲಕೋಟೆ ಒಣಗಿಯೇ ತಲುಪುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಬಾಟಲಿಯ ಮೇಲೆ ‘ವಾಷಬಲ್’ ಎಂದಿದ್ದರೆ ಒಂದು ಹನಿ ಬಿದ್ದರೂ ಅಕ್ಷರ ಕರಗುತ್ತದೆ. ‘ಪರ್ಮನೆಂಟ್’ ಎಂದಿದ್ದರೆ ನೀರಿಗೆ ಜಗ್ಗುವುದಿಲ್ಲ ಎಂದೂ ತಿಳಿಯಬೇಡಿ. ಬಟ್ಟೆಯಿಂದ ಸುಲಭವಾಗಿ ಹೋಗದು ಎನ್ನುವಷ್ಟೇ ಅರ್ಥದಲ್ಲಿ ಆ ಪದ ಬಳಸುವವರಿದ್ದಾರೆ. ನೀವೇ ಹನಿ ಹಾಕಿ ನೋಡುವುದೊಂದೇ ದಾರಿ. (ನಿಜಕ್ಕೂ ಅಳಿಯದ ಶಾಯಿ ಎಂದರೆ 1962ರಿಂದ ಮೈಸೂರಿನ ಕಾರ್ಖಾನೆ ಚುನಾವಣೆಗೆ ಮಾಡಿಕೊಡುತ್ತಿರುವುದು. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆರಳಿಗೆ ಸರಿ, ಪೆನ್ನಿಗಲ್ಲ.)

ಪೆನ್ನಿಗೆ ಆಗುವುದು, ಆಗದ್ದು

ಇಂಕ್ ಪೆನ್ನಿಗೆ ಬರುವ ಇಂಕು ಮೂರು ಜಾತಿ. ನೀರಿನಲ್ಲಿ ಪೂರ್ತಿ ಕರಗಿದ ಬಣ್ಣದ್ದು ಮೊದಲನೆಯದು. ಅಂಗಡಿಯಲ್ಲಿ ಸಿಗುವ ಬಹುಪಾಲು ಇದೇ ಎನ್ನಬಹುದು. ಕ್ಯಾಮ್ಲಿನ್, ಪಾರ್ಕರ್ ಕ್ವಿಂಕ್, ವಾಟರ್‌ಮನ್, ಪೆಲಿಕನ್ 4001, ಡಯಮೈನ್, ಪೈಲಟ್ ಇರೊಶಿಝುಕು ಇವುಗಳ ಹೆಚ್ಚಿನ ಇಂಕುಗಳು ಈ ಗುಂಪಿನವು. ತೊಳೆದರೆ ಹೋಗುತ್ತವೆ, ಪೆನ್ನಿಗೆ ನಿರಪಾಯ. ಎರಡನೆಯದು ಪಿಗ್ಮೆಂಟ್ ಇಂಕು: ಬಣ್ಣದ ಅತಿಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರಿಗೂ ಬಿಸಿಲಿಗೂ ಜಗ್ಗದು. ಆದರೆ ಪೆನ್ನಿನಲ್ಲೇ ಒಣಗಿದರೆ ಬಿಡಿಸುವುದು ಬಹಳ ಕಷ್ಟ. ಮೂರನೆಯದು ಐರನ್ ಗಾಲ್: ಬರೆದಾಗ ತಿಳಿಯಾಗಿದ್ದು ಗಾಳಿ ತಾಗಿ ಕಪ್ಪಾಗುತ್ತ ಹೋಗುವ ಹಳೆಯ ಕಾಲದ ದಫ್ತರದ ಇಂಕು. ಅದು ಆಮ್ಲೀಯ, ತಿಂಗಳುಗಟ್ಟಲೆ ಬಿಟ್ಟರೆ ಸ್ಟೀಲ್ ನಿಬ್ಬನ್ನು ತಿನ್ನುತ್ತದೆ. ಮೊದಲ ಬಣ್ಣದ ಇಂಕು ಕೊಳ್ಳುವವರು ಮೊದಲ ಜಾತಿಯಲ್ಲೇ ಇರಿ.

ಮಿನುಗು ಪುಡಿ ಹಾಕಿದವು ಚೆಂದವೇ. ಆದರೆ ಪುಡಿ ಫೀಡಿನ (ನಿಬ್ಬಿನ ಕೆಳಗಿದ್ದು ಅದಕ್ಕೆ ಇಂಕು ಹರಿಸುವ ತುಂಡು) ಸಂದುಗಳಲ್ಲಿ ಕೂರುತ್ತದೆ. ಅಂಥದ್ದನ್ನು ಅಗ್ಗದ, ಬಿಚ್ಚಿ ತೊಳೆಯಬಹುದಾದ ಪೆನ್ನಿನಲ್ಲಿ, ಅದೂ ದಪ್ಪ ನಿಬ್ಬಿದ್ದರೆ ಮಾತ್ರ ಹಾಕಿ.

ಯಾವತ್ತೂ ಹಾಕಬಾರದ್ದು ಡ್ರಾಯಿಂಗ್ ಇಂಕು, ಇಂಡಿಯನ್ ಇಂಕು, ಸ್ಟಾಂಪ್ ಪ್ಯಾಡಿನ ಇಂಕು, ಪ್ರಿಂಟರ್ ಇಂಕು. ಡ್ರಾಯಿಂಗ್ ಇಂಕುಗಳಲ್ಲಿ ಅರಗು ಅಥವಾ ಅಂಟು ಇರುತ್ತದೆ, ಒಣಗಿದರೆ ಪೆನ್ನು ಮುಗಿದಂತೆ. ಒಂದೇ ಕಂಪನಿ ಎರಡನ್ನೂ ಮಾಡುವುದುಂಟು, ಬಾಟಲಿಗಳು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲೋ ಪುಣೆಯ ಅಪ್ಪಾ ಬಳವಂತ ಚೌಕಿನಲ್ಲೋ ಬರಿ ‘ಶಾಯಿ’ ಕೇಳಿದರೆ ಇವುಗಳಲ್ಲಿ ಯಾವುದಾದರೂ ಕೈಗೆ ಬಂದೀತು. ಮರಾಠಿಯಲ್ಲಿ ‘ಫೌಂಟನ್ ಪೆನಾಚೀ ಶಾಯೀ’ ಎಂದೇ ಕೇಳಿ, ಲೇಬಲ್ ಓದಿ, ‘ವಾಟರ್‌ಪ್ರೂಫ್ ಡ್ರಾಯಿಂಗ್’ ಎಂದಿದ್ದರೆ ಹಿಂದಕ್ಕೆ ಕೊಡಿ.

ಹಳೇ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ, ಹಳೆಯ ಇಂಕಿನ ಬ್ರ್ಯಾಂಡಾದ ಚೆಲ್‌ಪಾರ್ಕ್ ಬಾಟಲಿ ಕಂಡರೆ ಆಸೆಯಾಗುವುದು ಸಹಜ. ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ನಿಧಾನ ಓರೆ ಮಾಡಿ. ಮೇಲೆ ಕೆನೆಯಂಥ ಪೊರೆ, ತಳದಲ್ಲಿ ಗಸಿ, ಎಳೆ ಎಳೆಯಾಗಿ ತೇಲುವುದು ಏನಾದರೂ ಇದ್ದರೆ ಬಾಟಲಿಯನ್ನು ಅಲಂಕಾರಕ್ಕೆ ಇಟ್ಟುಕೊಳ್ಳಬಹುದು, ಇಂಕನ್ನಲ್ಲ. ಇಂಕಿಗೆ ಫಿನಾಯಿಲಿನಂಥ ತೆಳು ವಾಸನೆ ಇದ್ದರೆ ಗಾಬರಿ ಬೇಡ, ಅದು ಬೂಸು ಬಾರದಂತೆ ಹಾಕಿದ ಔಷಧ. ಮಣ್ಣು ವಾಸನೆ, ಕೊಳೆತ ವಾಸನೆ ಬಂದರೆ ಮಾತ್ರ ಬೇಡ.

ಕನ್ನಡ ಬರೆಯುವವರು ನೋಡಬೇಕಾದ್ದು

ಇಂಕಿನ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟು ಕೊಟ್ಟವು. ನಮ್ಮ ಅಕ್ಷರದ ಕಷ್ಟ ಬೇರೆ. ಎಲ್ಲವೂ ದುಂಡು, ಒಳಗೆ ಸಣ್ಣ ಸಣ್ಣ ಕಿಂಡಿ, ಕೆಳಗೆ ಒತ್ತಕ್ಷರ. ದ-ಧ, ಪ-ಫ, ಬ-ಭ, ಡ-ಢ ಇವುಗಳ ನಡುವೆ ಇರುವ ವ್ಯತ್ಯಾಸ ಬುಡದ ಒಂದು ಚಿಕ್ಕ ಗೀಟು. ಇಂಕು ಕಾಗದದಲ್ಲಿ ಕೂದಲೆಳೆಯಷ್ಟು ಹಬ್ಬಿದರೂ ಆ ಗೀಟು ಮುಚ್ಚಿ ಧನ ಹೋಗಿ ದನವಾಗುತ್ತದೆ. ಠ, ಥ ಒಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡು ಇಡೀ ಅಕ್ಷರ ಉಂಡೆಯಾಗುತ್ತದೆ. ಹೊಟ್ಟೆ ಸೀಳಿದ ಷ ಬರೆದರೆ ಸೀಳೇ ಕಾಣುವುದಿಲ್ಲ.

ಹಾಗಾಗಿ ಕನ್ನಡಕ್ಕೆ ಸಾಧಾರಣ ಹರಿವಿನ, ಗಾಢ ಬಣ್ಣದ ಇಂಕು ಮತ್ತು ಫೈನ್ ನಿಬ್ಬು ಒಳ್ಳೆಯ ಜೋಡಿ. ಜಪಾನಿನ ಪೆನ್ನುಗಳ ಫೈನ್ ನಿಬ್ಬು ಯುರೋಪಿನವುಗಳ ಫೈನಿಗಿಂತ ಸಣ್ಣ ಗೆರೆ ಎಳೆಯುತ್ತದೆ ಎನ್ನುವುದೂ ನೆನಪಿರಲಿ. ಇರೊಶಿಝುಕು ಇಂಕುಗಳು ಧಾರಾಳವಾಗಿ ಹರಿಯುವಂಥವು. ಅವನ್ನು ಮೊದಲೇ ಇಂಕು ಸುರಿಯುವ ಪೆನ್ನಿಗೆ ಹಾಕಿದರೆ ಒತ್ತಕ್ಷರಗಳು ಕೊಳವಾಗುತ್ತವೆ. ಪೆಲಿಕನ್ 4001 ಬಿಗಿ ಹರಿವಿನದು. ಅದು ಅಂಥ ಪೆನ್ನನ್ನು ಹದಕ್ಕೆ ತರುತ್ತದೆ, ಬಿಗಿ ಪೆನ್ನಿಗೆ ಹಾಕಿದರೆ ಗೆರೆ ಅಲ್ಲಲ್ಲಿ ತಪ್ಪುತ್ತದೆ. ಪೆನ್ನು ಹಸಿಯಾದರೆ (ಇಂಕು ಸುರಿಯುವುದಾದರೆ) ಇಂಕು ಬಿಗಿ, ಪೆನ್ನು ಬಿಗಿಯಾದರೆ ಇಂಕು ಹಸಿ.

ಬಣ್ಣಕ್ಕೆ ಬಂದರೆ, ಗಾಢ ಹಸಿರು, ಕಂದು, ಮರೂನ್, ನವಿಲುನೀಲಿ, ಗಾಢ ನೇರಳೆ ಪುಟಗಟ್ಟಲೆ ಬರೆದರೂ ಓದಲು ಕಣ್ಣಿಗೆ ಹಿತ. ಕಿತ್ತಳೆ, ಹಳದಿ, ತಿಳಿಗುಲಾಬಿ ಅಡಿಗೆರೆ ಎಳೆಯಲು ಸರಿ. ಟ್ಯೂಬ್‌ಲೈಟಿನ ಕೆಳಗೆ ಅವುಗಳಲ್ಲಿ ಬರೆದ ಪುಟ ಓದುವುದು ಶಿಕ್ಷೆ. ಒಂದೇ ಗೆರೆಯಲ್ಲಿ ತೆಳು-ಗಾಢ ಎರಡೂ ಕಾಣುವ ಇಂಕುಗಳಿಗೆ ಈಗ ತುಂಬ ಬೇಡಿಕೆ. ಆ ಚೆಂದ ಕಾಣಲು ದಪ್ಪ ನಿಬ್ಬು, ಇಂಕು ಹೀರದ ಕಾಗದ ಎರಡೂ ಬೇಕು. ಫೈನ್ ನಿಬ್ಬಿನಲ್ಲಿ ಅದಕ್ಕೆಂದೇ ಹೆಚ್ಚು ದುಡ್ಡು ಕೊಡುವುದು ದಂಡ.

ಕಾಗದ ಮತ್ತು ಮಳೆಗಾಲ

ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಹೆಚ್ಚಿದ್ದರೆ ಕಾಗದ ಒಳ್ಳೆಯದು ಎಂಬುದು ಅರ್ಧ ಸತ್ಯ. ಬಟ್ಟೆಗೆ ಗಂಜಿ ಹಾಕಿದಂತೆ ಕಾಗದಕ್ಕೂ ತಯಾರಿಸುವಾಗ ಗಂಜಿಯಂಥದ್ದನ್ನು ಹಾಕುತ್ತಾರೆ, ಇಂಕು ಒಳಗೆ ಇಳಿಯದಂತೆ ತಡೆಯುವುದು ಅದು. ಜಪಾನಿನ ಟೊಮೊಎ ರಿವರ್ ಕಾಗದ 52 ಜಿಎಸ್‌ಎಂ ಮಾತ್ರ, ಆದರೂ ಇಂಕು ಹಬ್ಬುವುದಿಲ್ಲ. 75 ಜಿಎಸ್‌ಎಂನ ಜೆರಾಕ್ಸ್ ಹಾಳೆಯಲ್ಲಿ ಅದೇ ಇಂಕು ಬೇರು ಬಿಡುತ್ತದೆ. ನೋಟ್‌ಬುಕ್ ಕೊಳ್ಳುವಾಗ ಕೊನೆಯ ಪುಟದಲ್ಲಿ ನಿಮ್ಮ ಪೆನ್ನಿನಿಂದ ಒಂದು ಸಾಲು ಬರೆಯಲು ಅಂಗಡಿಯವರು ಬಿಟ್ಟರೆ ಬರೆದು ನೋಡಿ. ಬಿಡದಿದ್ದರೆ ಒಂದೇ ಪುಸ್ತಕ ಕೊಳ್ಳಿ, ಡಜನ್ ಬೇಡ.

ಮುಂಬಯಿ, ಗೋವಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಕಾಗದ ಬೇರೆ ಕಾಗದವಾಗುತ್ತದೆ. ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಸೂಜಿಯಂತೆ ಬಂದ ಗೆರೆ ಜುಲೈನಲ್ಲಿ ಮೀಸೆ ಬಿಡುತ್ತದೆ, ಒಣಗಲು ಹೆಚ್ಚು ಹೊತ್ತು ಬೇಕಾಗುತ್ತದೆ. ನೋಟ್‌ಬುಕ್ಕನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಡಬ್ಬಿಯಲ್ಲೋ ಔಷಧಿ ಡಬ್ಬಿಯಲ್ಲೋ ಬರುವ ಸಿಲಿಕಾ ಜೆಲ್ ಚೀಟಿಗಳ ಜೊತೆ ಇಡಿ. ಮಳೆಗಾಲಕ್ಕೆ ಬಿಗಿ ಹರಿವಿನ ಇಂಕೇ ಮೇಲು. ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಒಂದು ತುಂಡು ಪುಸ್ತಕದಲ್ಲೇ ಇರಲಿ. ಅದನ್ನು ಉಜ್ಜಬೇಡಿ, ಮೇಲಿಟ್ಟು ಒತ್ತಿ ಎತ್ತಿ.

ಇನ್ನೊಂದು ತೊಂದರೆಗೆ ಇಂಕನ್ನು ದೂರುವವರು ಬಹಳ. ಪುಟದ ಮೇಲಿನ ಅರ್ಧ ಸರಾಗ, ಕೆಳಗಿನ ಅರ್ಧಕ್ಕೆ ಬರುತ್ತಲೇ ಗೆರೆ ತುಂಡು ತುಂಡು. ತಪ್ಪು ಇಂಕಿನದ್ದಲ್ಲ. ಬರೆಯುತ್ತ ಹೋದಂತೆ ಅಂಗೈಯ ಬೆವರು-ಜಿಡ್ಡು ಕೆಳಗಿನ ಕಾಗದಕ್ಕೆ ಮೆತ್ತಿಕೊಂಡು ಅಲ್ಲಿ ಇಂಕು ಹಿಡಿಯುವುದಿಲ್ಲ. ಅಂಗೈ ಕೆಳಗೆ ಒಂದು ಚೀಟಿ ಇಟ್ಟುಕೊಂಡರೆ ಆಯಿತು.

ಪರೀಕ್ಷೆಯ ಹಾಳೆ

ದೊಡ್ಡ ಬಾಟಲಿಗೆ ಹೋಗುವ ಮುಂಚೆ ಸಣ್ಣದು ತೆಗೆದುಕೊಳ್ಳಿ. ಡಯಮೈನ್ 30 ಮಿ.ಲೀ.ನಲ್ಲಿ, ಇರೊಶಿಝುಕು 15 ಮಿ.ಲೀ.ನಲ್ಲಿ ಬರುತ್ತವೆ. ಕೇರಳದ ಕೃಷ್ಣ ಇಂಕುಗಳೂ ಸಣ್ಣ ಬಾಟಲಿಯವೇ. ಕನ್ವರ್ಟರಿಗೆ (ಬಾಟಲಿಯಿಂದ ಇಂಕು ಎಳೆದುಕೊಳ್ಳುವ, ಪೆನ್ನಿನೊಳಗಿನ ಸಣ್ಣ ನಳಿಗೆ) ಒಮ್ಮೆ ತುಂಬಲು ಮುಕ್ಕಾಲು ಮಿ.ಲೀ. ಸಾಕು, ಆದ್ದರಿಂದ 15 ಮಿ.ಲೀ. ಎಂದರೆ ಇಪ್ಪತ್ತು ಸಲ. ಗೋವಾದಲ್ಲಿ ವಾಸ್ಕೋ, ಮಡಗಾಂವಿನ ಅಂಗಡಿಯಲ್ಲಿ ಸಿಗದೆ ತರಿಸಿಕೊಳ್ಳುವುದಾದರೆ ಬಾಟಲಿಯನ್ನು ಜಿಪ್ ಚೀಲದೊಳಗೆ ಹಾಕಿ ಕಳಿಸಲು ಹೇಳಿ.

ನಿಮ್ಮದೇ ಪುಸ್ತಕದ ಒಂದು ಹಾಳೆಯಲ್ಲಿ ಇಂಕಿನ ಹೆಸರು, ಪೆನ್ನು, ನಿಬ್ಬು, ತಾರೀಖು ಬರೆಯಿರಿ. ಅದರ ಕೆಳಗೆ ಎಂದಿನ ಗಾತ್ರದ ಅಕ್ಷರದಲ್ಲಿ, ಎಂದಿನ ವೇಗದಲ್ಲಿ ಈ ಸಾಲು: ಘಟ, ಛತ್ರಿ, ಮಠ, ಕಥೆ, ಧನ, ಭಂಡಾರ, ಫಲ, ವಿಷ, ಸ್ವಾತಂತ್ರ್ಯ. ಹಗಲು ಬೆಳಕಿನಲ್ಲಿ ನೋಡಿ. ಧ, ಭ, ಫ ಬುಡದ ಗೀಟು ಬೇರೆಯಾಗಿ ಕಾಣಬೇಕು, ಥ ಒಳಗಿನ ಚುಕ್ಕೆಯ ಸುತ್ತ ಬಿಳಿ ಉಳಿದಿರಬೇಕು, ಸ್ವಾತಂತ್ರ್ಯದ ಕೊನೆಯ ಎರಡು ಒತ್ತು ಕಲಸಿಹೋಗಬಾರದು. ಹಾಳೆ ತಿರುಗಿಸಿ, ಇಂಕು ಆಚೆಗೆ ಚುಕ್ಕೆ ಚುಕ್ಕೆಯಾಗಿ ಮೂಡಿದ್ದರೆ ಆ ಪುಸ್ತಕದಲ್ಲಿ ಒಂದು ಮಗ್ಗುಲು ಮಾತ್ರ ಬರೆಯಬಹುದು.

ಆಮೇಲೆ ಐದು ಗೆರೆ ಎಳೆದು 5, 10, 15, 20, 30 ಸೆಕೆಂಡಿಗೆ ಒಂದೊಂದನ್ನು ಬೆರಳಿನಿಂದ ಸವರಿ. ಯಾವ ಹೊತ್ತಿಗೆ ಬೆರಳಿಗೆ ಹತ್ತುವುದು ನಿಂತಿತೋ ಅದೇ ಒಣಗುವ ಸಮಯ. ಎಡಗೈಯವರಿಗೆ 10 ಸೆಕೆಂಡಿಗಿಂತ ಹೆಚ್ಚಿನದ್ದು ಕಷ್ಟ. ನೀರಿನ ಪರೀಕ್ಷೆ ಮರುದಿನ: ಒಂದು ಪದದ ಮೇಲೆ ಒಂದು ಹನಿ, ಒಂದು ನಿಮಿಷ ಬಿಟ್ಟು ಒತ್ತಿ ತೆಗೆಯಿರಿ. ಬಹುಕಾಲ ಇಡಬೇಕಾದ ಬರವಣಿಗೆಯಾದರೆ ಇನ್ನೊಂದು ಪಟ್ಟಿಯಲ್ಲಿ ಬರೆದು, ಅರ್ಧಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿ. ಗುಲಾಬಿ, ನೇರಳೆಗಳಲ್ಲಿ ಎಷ್ಟೋ ಈ ಪರೀಕ್ಷೆಯಲ್ಲಿ ಸೋಲುತ್ತವೆ.

ತುಂಬುವಾಗ

ಪೆನ್ನಿನಲ್ಲಿ ಮೊದಲಿದ್ದ ಬಣ್ಣ ಪೂರ್ತಿ ಹೋಗಿರಬೇಕು. ಒಂದು ಬ್ರ್ಯಾಂಡಿನ ಇಂಕಿನ ಉಳಿಕೆ ಇನ್ನೊಂದರ ಜೊತೆ ಸೇರಿದರೆ, ಒಂದು ಆಮ್ಲೀಯ ಇನ್ನೊಂದು ಕ್ಷಾರೀಯವಾಗಿದ್ದಲ್ಲಿ, ಬಣ್ಣ ಒಡೆದು ಗಸಿಯಾಗಿ ಫೀಡ್ ಕಟ್ಟಿಕೊಳ್ಳುತ್ತದೆ. ನೂಡ್ಲರ್ಸ್‌ನ ಬೇಸ್ಟೇಟ್ ಬ್ಲೂ ಇದಕ್ಕೂ, ಕಲೆ ಬಿಡುವುದಕ್ಕೂ ಹೆಸರುವಾಸಿ. ನೀವೇ ಬಣ್ಣ ಕಲಸುವ ಆಸೆಯಿದ್ದರೆ ಒಂದೇ ಕಂಪನಿಯ ಒಂದೇ ಸಾಲಿನ ಎರಡನ್ನು 1 ಮಿ.ಲೀ. ಒಂದೊಂದು ಗಾಜಿನ ಸಣ್ಣ ಶೀಶೆಗೆ ಹಾಕಿ ಎರಡು ದಿನ ಬಿಡಿ. ತಳದಲ್ಲಿ ಏನೂ ಕೂರದಿದ್ದರೆ ಮಾತ್ರ ಪೆನ್ನಿಗೆ. ಪಿಗ್ಮೆಂಟ್, ಐರನ್ ಗಾಲ್ ಕಲಸಲೇಬೇಡಿ.

ನಿಬ್ಬನ್ನು ಬಾಟಲಿಗೆ ಅದ್ದುವುದಾದರೆ ನಿಬ್ಬಿನ ಹಿಂಬದಿಯ ಉಸಿರುಕಿಂಡಿ ದಾಟಿ, ಪೆನ್ನಿನ ಹಿಡಿಕೆಯ ಅಂಚಿನವರೆಗೆ ಮುಳುಗಿಸಿ. ಕಡಿಮೆ ಮುಳುಗಿದರೆ ಕನ್ವರ್ಟರ್ ಗಾಳಿಯನ್ನೇ ಎಳೆಯುತ್ತದೆ. ತಿರುಪು ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಎರಡು ಸಲ. ಕೊನೆಯಲ್ಲಿ ಮೂರು ಹನಿ ವಾಪಸ್ ಬಿಟ್ಟು, ನಿಬ್ಬು ಮೇಲೆ ಮಾಡಿ ತುದಿಯವರೆಗೆ ತಿರುಗಿಸಿ ಒರೆಸಿ. ಇದಕ್ಕಿಂತ ಒಳ್ಳೆಯದು ಔಷಧಿ ಅಂಗಡಿಯ 2 ಮಿ.ಲೀ. ಸಿರಿಂಜು: ಬಾಟಲಿಗೆ ಪೆನ್ನಿನ ಕೊಳೆ ಸೇರದು, ಅರ್ಧ ಖಾಲಿ ಬಾಟಲಿಯಿಂದಲೂ ಇಂಕು ಬರುತ್ತದೆ, ಖಾಲಿಯಾದ ಕಾರ್ಟ್ರಿಜ್ಜನ್ನೂ ಮತ್ತೆ ತುಂಬಬಹುದು. ಸೂಜಿಯ ಮೊನೆಯನ್ನು ಉಜ್ಜಿ ಮೊಂಡು ಮಾಡಿಕೊಳ್ಳಿ. ಗೋವಾ, ಮುಂಬಯಿಯ ತೇವದಲ್ಲಿ ಬೂಸು ಬಾಟಲಿಗೆ ಹೋಗುವುದೇ ಅದ್ದಿದ ನಿಬ್ಬಿನ ಮೂಲಕ.

ಡ್ರಾಪರಿನಿಂದ ನೇರ ಬ್ಯಾರೆಲ್ಲಿಗೆ ತುಂಬುವ ಪೆನ್ನಾದರೆ, ಮುಂಬಯಿಯ ಏರ್‌ಮೇಲ್, ವಾಲಿಟಿಯವರ ಹಳೆಯ ಮಾದರಿಗಳ ಹಾಗೆ, ಬ್ಯಾರೆಲ್ಲಿನ ತಿರುಪಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ರಬ್ಬರ್ ಉಂಗುರ ಉಬ್ಬಿ ಹಾಳಾಗುತ್ತದೆ. ಇಂಥ ಪೆನ್ನಿನಲ್ಲಿ ಇಂಕು ಕಾಲುಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಪೆನ್ನು ಇಂಕು ಕಕ್ಕುತ್ತದೆ. ಅಷ್ಟಾಗುವ ಮುಂಚೆಯೇ ತುಂಬಿ.

ಘಾಟಿ ಹತ್ತುವಾಗಲೂ ಅದೇ ಕಥೆ. ಮುಂಬಯಿ-ಪುಣೆ ದಾರಿಯಲ್ಲಿ ಕರ್ಜತ್‌ನಿಂದ ಲೋಣಾವಳಾಕ್ಕೆ ಏರು ಅರ್ಧ ಕಿಲೋಮೀಟರಿಗೂ ಹೆಚ್ಚು. ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಆರರಷ್ಟು ಕಡಿಮೆಯಾಗುತ್ತದೆ. ಪೆನ್ನಿನೊಳಗೆ 2 ಮಿ.ಲೀ. ಗಾಳಿ ಇದ್ದರೆ ಎರಡು ಹನಿ ಇಂಕು ಮುಚ್ಚಳಕ್ಕೆ ಬರುವಷ್ಟು ಹಿಗ್ಗು ಅದು. ವಾಸ್ಕೋದಿಂದ ಹುಬ್ಬಳ್ಳಿಗೆ ಕ್ಯಾಸಲ್‌ರಾಕ್ ಹತ್ತುವವರಿಗೂ ಇದೇ ಲೆಕ್ಕ. ಪೆನ್ನನ್ನು ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ ಹೊರಡಿ, ಜೇಬಿನಲ್ಲಿ ನಿಬ್ಬು ಮೇಲ್ಮುಖವಾಗಿರಲಿ. ಮೇಲೆ ತಲುಪಿದ ಮೇಲೆ ಟಿಶ್ಯೂ ಹಿಡಿದುಕೊಂಡು ಮುಚ್ಚಳ ತೆಗೆಯಿರಿ.

ತೊಳೆಯುವುದು

ಬಣ್ಣ ಬದಲಿಸುವಾಗ, ಬದಲಿಸದಿದ್ದರೂ ತಿಂಗಳಿಗೋ ಆರು ವಾರಕ್ಕೋ ಒಮ್ಮೆ ತೊಳೆಯಿರಿ. ತಣ್ಣೀರು ಮಾತ್ರ. ಬಿಸಿನೀರಿಗೆ ಎಬೊನೈಟ್ (ಗಟ್ಟಿ ರಬ್ಬರ್) ಬಣ್ಣಗೆಡುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸ್ಪಿರಿಟ್, ಥಿನ್ನರ್ ಹತ್ತಿರ ಸುಳಿಯಬಾರದು. ಕನ್ವರ್ಟರಿನಿಂದ ನೀರು ಎಳೆದು ಬಿಡುತ್ತ ಹೋಗಿ, ನೀರು ತಿಳಿಯಾದ ಮೇಲೆ ನಿಬ್ಬನ್ನು ಟಿಶ್ಯೂ ಮೇಲೆ ಕೆಳಮುಖವಾಗಿ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಟಿಶ್ಯೂದಲ್ಲಿ ಬಣ್ಣದ ಉಂಗುರ ಕಂಡರೆ ಇನ್ನೂ ಮುಗಿದಿಲ್ಲ. ಕೆಂಪು, ಮಜೆಂಟಾ ಬೇಗ ಬಿಡುವುದಿಲ್ಲ. ಪಾರದರ್ಶಕ ಪೆನ್ನಿಗೆ ಇವನ್ನು ಹಾಕಿದರೆ ಒಳಗೋಡೆಗೆ ಗುಲಾಬಿ ಛಾಯೆ ಕಾಯಂ ಆದೀತು.

ಹಠಮಾರಿ ಉಳಿಕೆಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಒಂಬತ್ತು ಪಾಲು ನೀರು, ಪಾತ್ರೆ ತೊಳೆಯುವ ದ್ರವ ಒಂದು ಹನಿ. ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಹಿತ್ತಾಳೆ, ಅಲ್ಯುಮಿನಿಯಂ ಭಾಗಗಳಿಗೆ ಇದು ತಾಗಬಾರದು. ಐರನ್ ಗಾಲ್ ಇಂಕಿಗೆ ಅಮೋನಿಯಾ ಉಲ್ಟಾ ಕೆಲಸ ಮಾಡುತ್ತದೆ. ಅಲ್ಲಿ ಹತ್ತು ಪಾಲು ನೀರಿಗೆ ಒಂದು ಪಾಲು ಬಿಳಿ ವಿನಿಗರ್ ಹಾಕಿ ಸ್ವಲ್ಪ ಹೊತ್ತು, ಆಮೇಲೆ ಬರಿ ನೀರು. ಟ್ಯಾಂಕರ್ ಅಥವಾ ಬೋರ್ ನೀರು ಬರುವ ಸೊಸೈಟಿಯಾದರೆ ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ನೀರು ಬಳಸಿ. ಗಡಸು ನೀರು ಒಣಗಿದರೆ ಬಿಳಿ ಉಪ್ಪು ಬಿಡುತ್ತದೆ.

ಕೈಕೊಟ್ಟರೆ

ಪುಣೆಯ ಮೇ ತಿಂಗಳ ಮಧ್ಯಾಹ್ನ ಮುಚ್ಚಳ ತೆಗೆದು ಎರಡು ನಿಮಿಷ ಯೋಚಿಸಿದರೂ ನಿಬ್ಬು ಒಣಗುತ್ತದೆ. ಒತ್ತಿ ಬರೆಯಬೇಡಿ, ನಿಬ್ಬಿನ ಸೀಳು ಅಗಲವಾಗುತ್ತದೆ. ತುದಿಯನ್ನು ಒದ್ದೆ ಟಿಶ್ಯೂಗೆ ತಾಗಿಸಿ. ದಿನವೂ ಹೀಗಾದರೆ ಕನ್ವರ್ಟರಿನಲ್ಲಿರುವ ಇಂಕಿಗೆ ಮಾತ್ರ ಡಿಸ್ಟಿಲ್ಡ್ ನೀರು ಒಂದು ಹನಿ ಸೇರಿಸಿ. ಬಾಟಲಿಗೆ ಸೇರಿಸಿದರೆ ಔಷಧ ತೆಳುವಾಗಿ ಬೂಸಿಗೆ ದಾರಿ. ನಿಬ್ಬಿನ ಮೇಲೆ ಕೆಂಪೋ ಹಸಿರೋ ಹರಳುಗಟ್ಟಿದರೆ ಹೆದರಬೇಕಾದ್ದಿಲ್ಲ, ಬಣ್ಣ ದಟ್ಟವಾಗಿರುವ ಇಂಕಿನ ನೀರು ಆರಿ ಹಾಗಾಗುತ್ತದೆ. ಒರೆಸಿದರೆ ಸಾಕು. ಪದೇ ಪದೇ ಆದರೆ ಮುಚ್ಚಳ ಗಾಳಿಯಾಡುತ್ತಿದೆ ಎಂದರ್ಥ.

ಬಾಟಲಿಯಲ್ಲಿ ಬೂಸು ಕಂಡರೆ ಸೋಸಿ ಉಳಿಸುವ ಯತ್ನ ಬೇಡ. ಇಂಕು ಚೆಲ್ಲಿ. ಅದನ್ನು ತುಂಬಿದ್ದ ಪೆನ್ನುಗಳನ್ನೆಲ್ಲ ತೊಳೆಯಿರಿ, ಸಿರಿಂಜನ್ನೂ ಎಸೆಯಿರಿ.

ಅಂಗಿಗೆ ಬಿದ್ದರೆ ಉಜ್ಜದೆ, ಮೊದಲು ಟಿಶ್ಯೂ ಒತ್ತಿ ಹೀರಿಸಿ. ಕಲೆಯ ಹಿಂಬದಿಯಿಂದ ತಣ್ಣೀರು ಧಾರೆ ಬಿಡಿ, ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ತಣ್ಣೀರು. ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ, ಆದ್ದರಿಂದ ಪೂರ್ತಿ ಹೋಗುವವರೆಗೆ ಅಂಗಿಯನ್ನು ಇಸ್ತ್ರಿಯವನ ಕೈಗೆ ಕೊಡಬೇಡಿ.